ಥಾಯ್ಲೆಂಡ್‌ಗೆ ಹೊರಟ ಗೇ ಗೆಳೆಯರಿಗೆ: ಟಿಕೆಟ್ ಬುಕ್ ಮಾಡುವುದರಿಂದ ಮನೆಗೆ ಮರಳುವವರೆಗೆ

ಹೋಟೆಲ್‌ನಲ್ಲಿ ಇಬ್ಬರು ಗಂಡಸರು ಒಂದೇ ಮಂಚದ ರೂಮ್ ಕೇಳಿದರೆ ಏನಾದರೂ ಅಂತಾರಾ? ಊರಿನಿಂದ ಬ್ಯಾಂಕಾಕ್‌ಗೆ ಹೊರಟ ಗೆಳೆಯರು ನನಗೆ ಕಳಿಸುವ ಮೊದಲ ಮೆಸೇಜ್ ಹೆಚ್ಚೂಕಮ್ಮಿ ಇದೇ. ಏನೂ ಅನ್ನುವುದಿಲ್ಲ. ರಿಸೆಪ್ಷನ್‌ನಲ್ಲಿರುವ ಹುಡುಗಿ ಪಾಸ್‌ಪೋರ್ಟ್ ನೋಡಿ, ಕೀ ಕೊಟ್ಟು, ಬೆಳಗಿನ ತಿಂಡಿ ಎಷ್ಟು ಗಂಟೆಗೆ ಅಂತ ಹೇಳುತ್ತಾಳೆ, ಅಷ್ಟೇ. ಆದರೆ ಯಾರೂ ಕೇಳದ ಪ್ರಶ್ನೆಗಳೇ ಆಮೇಲೆ ತೊಂದರೆ ಕೊಡುವುದು. ಬ್ಯಾಗಲ್ಲಿ ವೇಪ್ ಸಿಕ್ಕರೆ ಏನಾಗುತ್ತದೆ? ಡೇಟಿಂಗ್ ಆಪ್‌ನಲ್ಲಿ ಪರಿಚಯವಾದವನನ್ನು ರೂಮಿಗೆ ಕರೆದರೆ ಕೆಳಗೆ ಏನು ಕೇಳುತ್ತಾರೆ? ಕಾಂಡೋಮ್ ಹರಿದರೆ ಎಲ್ಲಿಗೆ ಓಡಬೇಕು? ನಾವು ಭಾರತೀಯರು ಅಂತ ಗೊತ್ತಾದ ಕೂಡಲೇ ಯಾರೋ ಮುಖ ತಿರುಗಿಸಿದರೆ ಏನು ಮಾಡಬೇಕು?

ನಾನು ದಾವಣಗೆರೆ ಕಡೆಯವನು. ಬ್ಯಾಂಕಾಕ್‌ಗೆ ಬಂದು ಆರು ವರ್ಷ ಆಯಿತು, ನನ್ನ ಸಂಗಾತಿ ಇಲ್ಲಿಯವನೇ. ಇಷ್ಟು ದಿನ ಒಬ್ಬೊಬ್ಬರಿಗೇ ಫೋನಲ್ಲಿ ಹೇಳುತ್ತಿದ್ದದ್ದನ್ನು ಒಂದೇ ಕಡೆ ಬರೆದಿಡುತ್ತಿದ್ದೇನೆ.

ಕಾನೂನಿನ ಮಾತು ಮೊದಲು ಮುಗಿಸಿಬಿಡೋಣ. 1956ರ ದಂಡಸಂಹಿತೆ ಬಂದಾಗಿನಿಂದ ಇಲ್ಲಿ ಸಲಿಂಗ ಸಂಬಂಧ ಅಪರಾಧವಲ್ಲ. 2025ರ ಜನವರಿ 23ರಿಂದ ಇಬ್ಬರು ಗಂಡಸರು ಅಥವಾ ಇಬ್ಬರು ಹೆಂಗಸರು ಕಾನೂನು ಪ್ರಕಾರ ಮದುವೆ ಆಗಬಹುದು. ಏಷ್ಯಾದಲ್ಲಿ ತೈವಾನ್ ಮತ್ತು ನೇಪಾಳದ ನಂತರ ಈ ಹೆಜ್ಜೆ ಇಟ್ಟ ದೇಶ ಇದು, ಆಗ್ನೇಯ ಏಷ್ಯಾದಲ್ಲಿ ಮೊದಲನೆಯದು. ಹಾಗಂತ ಎಲ್ಲ ಮನೆಗಳ ಬಾಗಿಲೂ ತೆರೆದಿವೆ ಅಂದುಕೊಳ್ಳಬೇಡಿ. ನನ್ನ ಸಂಗಾತಿಯ ಅಪ್ಪ ಮೂರು ವರ್ಷ ನನ್ನನ್ನು ಮಗನ ರೂಮ್‌ಮೇಟ್ ಅಂತಲೇ ಎಲ್ಲರಿಗೂ ಪರಿಚಯ ಮಾಡಿಸುತ್ತಿದ್ದರು, ಊಟಕ್ಕೆ ಮಾತ್ರ ಒಂದು ಸಲವೂ ಬಿಡದೆ ಕೂರಿಸಿಕೊಂಡರು. ಲಿಂಗ ಪರಿವರ್ತನೆ ಮಾಡಿಸಿಕೊಂಡವರು ಗುರುತಿನ ಚೀಟಿಯಲ್ಲಿ ಲಿಂಗ ಬದಲಿಸಿಕೊಳ್ಳುವ ಹಕ್ಕಿಗಾಗಿ ಇಲ್ಲಿ ಇನ್ನೂ ಹೋರಾಡುತ್ತಲೇ ಇದ್ದಾರೆ.

ಟಿಕೆಟ್ ಬುಕ್ ಮಾಡುವ ವಾರ

ಬೆಂಗಳೂರಿನಿಂದ ಬ್ಯಾಂಕಾಕ್‌ಗೆ ನೇರ ವಿಮಾನ ಇದೆ, ಸುಮಾರು ನಾಲ್ಕು ಗಂಟೆ ಹಾರಾಟ. ಇಲ್ಲಿಯ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಮುಂದೆ. 2024ರ ಜುಲೈನಲ್ಲಿ ಭಾರತೀಯರಿಗೆ ವೀಸಾ ಇಲ್ಲದೆ 60 ದಿನ ಇರಲು ಅವಕಾಶ ಕೊಟ್ಟರು. ಇಂಥ ನಿಯಮಗಳನ್ನು ಇಲ್ಲಿಯ ಸರ್ಕಾರ ಆಗಾಗ ಬದಲಿಸುತ್ತಿರುತ್ತದೆ, ಅದಕ್ಕೆ ದುಡ್ಡು ಕಟ್ಟುವ ಮುಂಚೆ ಥಾಯ್ ರಾಯಭಾರ ಕಚೇರಿಯ ಪುಟವನ್ನು ಒಮ್ಮೆ ನೋಡಿಕೊಳ್ಳಿ. ಹೋದ ವರ್ಷ ಗೆಳೆಯ ಹೇಳಿದ್ದ ಅಂತ ನಂಬಿಕೊಂಡು ಹೊರಡಬೇಡಿ.

2025ರ ಮೇ 1ರಿಂದ ಎಲ್ಲ ವಿದೇಶಿಯರೂ ಇಳಿಯುವ ಮುಂಚಿನ ಮೂರು ದಿನದೊಳಗೆ ಡಿಜಿಟಲ್ ಅರೈವಲ್ ಕಾರ್ಡ್ ತುಂಬಬೇಕು. ಇದು ಪೂರ್ತಿ ಉಚಿತ. ದುಡ್ಡು ಕೇಳುವ ವೆಬ್‌ಸೈಟ್ ಬಂತು ಅಂದರೆ ಅದು ಅಧಿಕೃತದ್ದಲ್ಲ, ಮುಚ್ಚಿಬಿಡಿ. ವಾಪಸ್ ಟಿಕೆಟ್, ಹೋಟೆಲ್ ಬುಕಿಂಗ್, ಒಬ್ಬರಿಗೆ 20,000 ಬಾತ್‌ಗೆ ಸಮನಾದ ಹಣ, ಇಷ್ಟನ್ನೂ ತೋರಿಸಲು ತಯಾರಿರಿ. ಎಲ್ಲರನ್ನೂ ಕೇಳುವುದಿಲ್ಲ, ಆದರೆ ನಮ್ಮ ಪಾಸ್‌ಪೋರ್ಟ್ ಹಿಡಿದವರನ್ನು ಕೇಳುವುದುಂಟು. ಜೊತೆಗಿರುವವರು ಯಾರು ಅಂತ ಯಾವ ಕೌಂಟರ್‌ನಲ್ಲಿ ಕೇಳಿದರೂ ಸ್ನೇಹಿತ ಅಂದರೆ ಸಾಕು, ಸಂಗಾತಿ ಅಂದರೂ ಅದರಲ್ಲಿ ಅಪರಾಧವೇನೂ ಇಲ್ಲ.

ಇನ್ನೊಂದು ಕೆಲಸವನ್ನು ಜೋಡಿಯಾಗಿ ಹೊರಟವರು ದಯವಿಟ್ಟು ಮಾಡಿ. ನಮ್ಮ ದೇಶದ ಕಾನೂನಿನ ಕಣ್ಣಲ್ಲಿ ನೀವಿಬ್ಬರೂ ಒಬ್ಬರಿಗೊಬ್ಬರು ಯಾರೂ ಅಲ್ಲ. ಒಬ್ಬ ಆಕ್ಸಿಡೆಂಟ್ ಆಗಿ ಮಾತಾಡಲಾಗದೆ ಮಲಗಿದರೆ ಆಸ್ಪತ್ರೆಯವರು ಹುಡುಕುವುದು ನಿಮ್ಮ ಅಪ್ಪನ ನಂಬರ್. ಟ್ರಾವೆಲ್ ಇನ್ಶೂರೆನ್ಸ್ ಮಾಡಿಸುವಾಗ ತುರ್ತು ಸಂಪರ್ಕದ ಜಾಗದಲ್ಲಿ ಒಬ್ಬರು ಇನ್ನೊಬ್ಬರ ಹೆಸರು ಬರೆಯಿರಿ. “ನನ್ನ ಪರವಾಗಿ ಇವರ ಜೊತೆ ಮಾತಾಡಿ” ಅಂತ ಇಂಗ್ಲಿಷ್‌ನಲ್ಲಿ ಒಂದು ಪುಟ ಬರೆದು, ಸಹಿ ಹಾಕಿ, ಪಾಸ್‌ಪೋರ್ಟ್ ಕವರ್‌ನಲ್ಲೇ ಇಟ್ಟುಕೊಳ್ಳಿ. ಅದರಿಂದ ಕಾನೂನಿನ ಹಕ್ಕು ಸಿಗುವುದಿಲ್ಲ ನಿಜ. ಆದರೂ ರಾತ್ರಿ ಎರಡು ಗಂಟೆಗೆ ಐಸಿಯು ಬಾಗಿಲಲ್ಲಿ ನಿಂತು ನಾನು ಯಾರು ಅಂತ ವಿವರಿಸುವಾಗ ಕೈಯಲ್ಲಿ ಒಂದು ಕಾಗದ ಇರುವುದಕ್ಕೂ ಇಲ್ಲದಿರುವುದಕ್ಕೂ ಎಷ್ಟು ವ್ಯತ್ಯಾಸ ಅಂತ ನಾನು ನೋಡಿದ್ದೇನೆ.

ಬ್ಯಾಗ್ ತುಂಬುವಾಗ

ವೇಪ್, ಇ-ಸಿಗರೇಟ್ ಬೇಡವೇ ಬೇಡ. ಇಲ್ಲಿ ಅದನ್ನು ತರುವುದೂ ತಪ್ಪು, ಇಟ್ಟುಕೊಳ್ಳುವುದೂ ತಪ್ಪು, ದಂಡ ಮತ್ತು ಜೈಲು ಎರಡಕ್ಕೂ ದಾರಿ ಇದೆ. ರಸ್ತೆ ಬದಿಯಲ್ಲಿ ರಾಜಾರೋಷವಾಗಿ ಮಾರುತ್ತಿರುತ್ತಾರೆ, ಅದನ್ನು ನೋಡಿ ಮೋಸ ಹೋಗಬೇಡಿ.

ದಿನಾ ತೆಗೆದುಕೊಳ್ಳುವ ಮಾತ್ರೆಗಳನ್ನು ಅಂಗಡಿಯ ಸ್ಟ್ರಿಪ್‌ನಲ್ಲೇ, ಡಾಕ್ಟರ್ ಚೀಟಿ ಜೊತೆಗೆ ತನ್ನಿ. ನಿದ್ದೆ ಮಾತ್ರೆ, ಆತಂಕಕ್ಕೆ ಕೊಡುವ ಮಾತ್ರೆ, ಕೆಲವು ಬಲವಾದ ನೋವಿನ ಮಾತ್ರೆಗಳಿಗೆ ಇಲ್ಲಿ ಬಿಗಿ ನಿಯಮ ಇದೆ, ಒಂದು ತಿಂಗಳಿಗಿಂತ ಜಾಸ್ತಿ ತರಬೇಡಿ, ಕೆಲವಕ್ಕೆ ಮೊದಲೇ ಅನುಮತಿ ಬೇಕು. ಎಚ್‌ಐವಿ ಇರುವವರು ಹೆದರಬೇಕಾಗಿಲ್ಲ. ಪ್ರವಾಸಕ್ಕೆ ಬರುವವರನ್ನು ಆ ಕಾರಣಕ್ಕೆ ತಡೆಯುವ ನಿಯಮ ಇಲ್ಲಿಲ್ಲ. ಎಆರ್‌ಟಿ ಅಂದರೆ ಎಚ್‌ಐವಿ ಚಿಕಿತ್ಸೆಯ ಮಾತ್ರೆಗಳನ್ನು ಬೇಕಾದದ್ದಕ್ಕಿಂತ ಹತ್ತು ದಿನಕ್ಕೆ ಜಾಸ್ತಿಯೇ ಇಟ್ಟುಕೊಂಡು, ಕೈಚೀಲದಲ್ಲಿ ತನ್ನಿ. ಚೆಕ್-ಇನ್ ಮಾಡಿದ ಸೂಟ್‌ಕೇಸ್ ಕಳೆದುಹೋಗಬಹುದು.

ರೂಮ್

ಬುಕ್ ಮಾಡುವಾಗ ಟ್ವಿನ್ (ಎರಡು ಮಂಚ) ಬದಲು ಡಬಲ್ (ಒಂದೇ ದೊಡ್ಡ ಮಂಚ) ಅಂತ ಆರಿಸಿ. ಬಂದ ಮೇಲೆ ಬದಲಿಸಿಕೊಡಿ ಅಂತ ಕೇಳಿದರೂ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ನಾವು ಮೊದಲ ಸಲ ಉಳಿದ ಕಡೆ ಎರಡು ಪುಟ್ಟ ಮಂಚ ಹಾಕಿದ್ದರು, ಕೇಳಲು ನನಗೇ ಸಂಕೋಚ ಆಯಿತು, ನಾಲ್ಕು ರಾತ್ರಿ ಹಾಗೇ ಕಳೆದೆವು. ನೀವು ಕೇಳಿಬಿಡಿ.

ಒಂಟಿಯಾಗಿ ಬಂದು, ಯಾರನ್ನಾದರೂ ರೂಮಿಗೆ ಕರೆಯುವ ಯೋಚನೆ ಇದ್ದರೆ ಹೋಟೆಲ್‌ನ ಅತಿಥಿ ನಿಯಮ ಓದಿ. ಕೆಲವು ಕಡೆ ಹೊರಗಿನವರಿಗೆ ಪ್ರತ್ಯೇಕ ಶುಲ್ಕ ಹಾಕುತ್ತಾರೆ, ಕೆಲವು ಕಡೆ ಬಿಡುವುದೇ ಇಲ್ಲ. ಬಹಳ ಹೋಟೆಲ್‌ಗಳಲ್ಲಿ ಬಂದವರ ಗುರುತಿನ ಚೀಟಿ ಇಸಿದುಕೊಂಡು, ಅವರು ಹೋಗುವಾಗ ವಾಪಸ್ ಕೊಡುತ್ತಾರೆ. ಇದನ್ನು ಅವಮಾನ ಅಂದುಕೊಳ್ಳಬೇಡಿ. ಅದು ನಿಮ್ಮ ರಕ್ಷಣೆಗೇ ಇರುವ ಪದ್ಧತಿ, ಇಲ್ಲಿಯ ಹುಡುಗರಿಗೂ ಗೊತ್ತಿದೆ. ಚೀಟಿ ಕೊಡಲ್ಲ ಅನ್ನುವವನನ್ನು ಮೇಲೆ ಕರೆದುಕೊಂಡು ಹೋಗಬೇಡಿ.

ಬ್ಯಾಂಕಾಕ್‌ನಲ್ಲಿ ಸಾಲಾ ಡೇಂಗ್ ಸ್ಟೇಷನ್ ಸುತ್ತಮುತ್ತ ಉಳಿದರೆ ರಾತ್ರಿ ಗೇ ಬಾರ್‌ಗಳಿಂದ ನಡೆದೇ ರೂಮಿಗೆ ಬರಬಹುದು. ಮೊದಲ ಸಲ ಬರುವವರಿಗೆ ನಾನು ಅದನ್ನೇ ಹೇಳುವುದು.

ಇಳಿದ ಮೇಲೆ

ಸುವರ್ಣಭೂಮಿ ಅಂತ ನಾವು ಓದುವ ವಿಮಾನ ನಿಲ್ದಾಣವನ್ನು ಇವರು ಸುವನ್ನಪೂಮ್ ಅನ್ನುತ್ತಾರೆ, ಟ್ಯಾಕ್ಸಿಯವರಿಗೆ ನಮ್ಮ ಉಚ್ಚಾರ ತಿಳಿಯುವುದಿಲ್ಲ. ಅಲ್ಲಿಂದ ಊರಿಗೆ ರೈಲು ಇದೆ. ಸಿಮ್ ಅಲ್ಲೇ ಸಿಗುತ್ತದೆ. ದುಡ್ಡು ಬದಲಿಸುವುದನ್ನು ಊರೊಳಗೆ ಮಾಡಿ, ರೇಟು ಚೆನ್ನಾಗಿರುತ್ತದೆ. ಎಟಿಎಂನಲ್ಲಿ ವಿದೇಶಿ ಕಾರ್ಡ್‌ಗೆ ಪ್ರತಿ ಸಲವೂ 200 ಬಾತ್‌ಗಿಂತ ಜಾಸ್ತಿ ಶುಲ್ಕ ಹಿಡಿಯುತ್ತಾರೆ, ಅದಕ್ಕೆ ಚೂರುಚೂರೇ ತೆಗೆಯಬೇಡಿ. ರಾತ್ರಿ ಓಡಾಟಕ್ಕೆ ಗ್ರ್ಯಾಬ್ ಅಥವಾ ಬೋಲ್ಟ್ ಆಪ್ ಇರಲಿ.

ಈ ನಂಬರ್‌ಗಳನ್ನು ಈಗಲೇ ಫೋನಲ್ಲಿ ಹಾಕಿಕೊಳ್ಳಿ: ಟೂರಿಸ್ಟ್ ಪೊಲೀಸ್ 1155, ಪೊಲೀಸ್ 191, ಆಂಬುಲೆನ್ಸ್ 1669. ಟೂರಿಸ್ಟ್ ಪೊಲೀಸರ ಜೊತೆ ಇಂಗ್ಲಿಷ್‌ನಲ್ಲಿ ಮಾತಾಡಬಹುದು.

ಮಾತು, ಮರ್ಯಾದೆ

ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ಇಲ್ಲಿ ಎಷ್ಟು ಬಾಗಿಲು ತೆರೆಯುತ್ತವೆ ಅನ್ನುವುದು ಇದರ ಮೇಲೇ ನಿಂತಿದೆ.

ಗಂಡಸರು ಮಾತಿನ ಕೊನೆಗೆ ಖ್ರಪ್ ಅನ್ನುತ್ತಾರೆ, ಹೆಂಗಸರು ಖಾ ಅನ್ನುತ್ತಾರೆ. ನಮ್ಮ ‘ರೀ’ ತರಹ ಅಂದುಕೊಳ್ಳಿ. ನಮಸ್ಕಾರಕ್ಕೆ ಸವಾದೀ ಖ್ರಪ್, ಸ್ವಸ್ತಿ ಅನ್ನುವ ಪದದಿಂದಲೇ ಬಂದದ್ದು. ಥ್ಯಾಂಕ್ಸ್‌ಗೆ ಖೋಪ್ ಖುನ್ ಖ್ರಪ್. ಗೇ ಗೆಳೆಯರ ಗುಂಪಲ್ಲಿ ಗಂಡಸರೇ ಒಬ್ಬರಿಗೊಬ್ಬರು ಖಾ ಅನ್ನುವುದನ್ನು ಕೇಳುತ್ತೀರಿ, ಜೇ ಅಂದರೆ ಅಕ್ಕ ಅಂತ ಕರೆಯುವುದನ್ನೂ ಕೇಳುತ್ತೀರಿ. ನಮ್ಮ ಬೆಂಗಳೂರಿನ ಗುಂಪುಗಳಲ್ಲೂ ‘ಏನಕ್ಕಾ’ ಅಂತ ಕರೆಯುತ್ತೇವಲ್ಲ, ಅದೇ ಸಲಿಗೆ. ಆದರೆ ಅದು ಅವರ ಸಲಿಗೆ, ಅವರು ಕರೆದಾಗ ಸೇರಿಕೊಳ್ಳಿ, ಅಲ್ಲಿಯವರೆಗೆ ಖ್ರಪ್ ಸಾಕು.

ನಿಮಗಿಂತ ದೊಡ್ಡವರನ್ನು ಪೀ ಅಂತ ಕರೆಯಿರಿ, ಚಿಕ್ಕವರನ್ನು ನೋಂಗ್. ಅಣ್ಣ, ಅಕ್ಕ, ತಮ್ಮ, ತಂಗಿ ಅಂತ ಹೋಟೆಲ್ ಮಾಣಿಯಿಂದ ಹಿಡಿದು ಎಲ್ಲರನ್ನೂ ಕರೆದು ಬೆಳೆದ ನಮಗೆ ಇದು ಎರಡೇ ದಿನದಲ್ಲಿ ಬಾಯಿಗೆ ಬರುತ್ತದೆ. ಸಂಗಾತಿಗೆ ಇಲ್ಲಿ ಫ್ಯಾನ್ ಅನ್ನುತ್ತಾರೆ. ಹುಡುಗನೋ ಹುಡುಗಿಯೋ, ಮದುವೆ ಆಗಿದೆಯೋ ಇಲ್ಲವೋ, ಆ ಪದ ಏನನ್ನೂ ಹೇಳುವುದಿಲ್ಲ. ಇವನು ನನ್ನ ಫ್ಯಾನ್ ಅಂತ ಹಣ್ಣಿನ ಅಂಗಡಿಯ ಅಮ್ಮನಿಗೆ ಮೊದಲ ಸಲ ಹೇಳಿದ ದಿನ ನನ್ನ ಎದೆ ಎಷ್ಟು ಹಗುರಾಯಿತು ಅಂತ ಬರೆದು ತಿಳಿಸಲಾರೆ. ಆಯಮ್ಮ ಇನ್ನೆರಡು ಮಾವಿನಕಾಯಿ ಚೀಲಕ್ಕೆ ಹಾಕಿ, ಅವನಿಗೂ ಕೊಡು ಅಂದರು.

ಕ್ರೇಂಗ್ ಜೈ ಅಂತ ಒಂದು ಮಾತಿದೆ. ಇಂಗ್ಲಿಷ್‌ನವರಿಗೆ ಇದನ್ನು ವಿವರಿಸಲು ಪುಟಗಟ್ಟಲೆ ಬೇಕು, ಕನ್ನಡದವರಿಗೆ ದಾಕ್ಷಿಣ್ಯ ಅಂದರೆ ಸಾಕು. ಎದುರಿನವರಿಗೆ ತೊಂದರೆ ಆಗಬಾರದು, ಮುಖಕ್ಕೆ ಹೊಡೆದಂತೆ ಇಲ್ಲ ಅನ್ನಬಾರದು. ಹಾಗಾಗಿ ಡೇಟ್‌ಗೆ ಕರೆದಾಗ ‘ನೋಡೋಣ’ ಅಂದರೆ ಬಹುತೇಕ ಸಲ ಇಲ್ಲ ಅಂತಲೇ ಅರ್ಥ, ಮತ್ತೆ ಮತ್ತೆ ಕೇಳಬೇಡಿ. ಬಾರ್‌ನಲ್ಲಿ ಬಿಲ್ ತಪ್ಪಾದರೆ ದನಿ ಎತ್ತದೆ, ನಗುತ್ತಲೇ, ಚೀಟಿಯ ಮೇಲೆ ಬೆರಳಿಟ್ಟು ಕೇಳಿ. ಕೂಗಾಡಿದವನ ಮಾತನ್ನು ಇಲ್ಲಿ ಯಾರೂ ಕೇಳಿಸಿಕೊಳ್ಳುವುದಿಲ್ಲ.

ಕೈ ಹಿಡಿದು ನಡೆಯಬಹುದು. ರಸ್ತೆಯಲ್ಲಿ ತುಟಿಗೆ ಮುತ್ತಿಡುವುದು ಗಂಡು-ಹೆಣ್ಣಿನ ಜೋಡಿಗಳಿಗೂ ಇಲ್ಲಿ ಒಪ್ಪುವುದಿಲ್ಲ, ನಮಗೂ ಅಷ್ಟೇ. ದೇವಸ್ಥಾನದಲ್ಲಿ ಭುಜ ಮತ್ತು ಮಂಡಿ ಮುಚ್ಚಿರಲಿ. ಯಾರ ತಲೆಯನ್ನೂ ಮುಟ್ಟಬೇಡಿ, ಕಾಲು ಚಾಚಿ ಯಾವುದನ್ನೂ ತೋರಿಸಬೇಡಿ. ಬೆಳಿಗ್ಗೆ 8ಕ್ಕೆ ಮತ್ತು ಸಂಜೆ 6ಕ್ಕೆ ಸ್ಟೇಷನ್, ಪಾರ್ಕ್‌ಗಳಲ್ಲಿ ರಾಷ್ಟ್ರಗೀತೆ ಹಾಕುತ್ತಾರೆ, ಎಲ್ಲರ ಜೊತೆ ನಿಂತುಬಿಡಿ.

ಟ್ರಾನ್ಸ್ ಹೆಂಗಸರನ್ನು ಕತೋಯ್ ಅಂತಲೋ ಲೇಡಿಬಾಯ್ ಅಂತಲೋ ನೀವಾಗಿ ಕರೆಯಬೇಡಿ. ಕೆಲವರು ತಮ್ಮನ್ನು ಹಾಗೆ ಕರೆದುಕೊಳ್ಳುತ್ತಾರೆ, ಕೆಲವರಿಗೆ ಅದು ನೋವು ಕೊಡುತ್ತದೆ. ಪೀ ಅಂದರೆ ಎಲ್ಲರಿಗೂ ಸರಿ. ಅಂಗಡಿಯಲ್ಲಿ, ಬ್ಯಾಂಕಲ್ಲಿ ಕೆಲಸ ಮಾಡುವ ಅವರನ್ನು ಕಂಡ ಕೂಡಲೇ ಫೋನ್ ತೆಗೆದು ವಿಡಿಯೋ ಮಾಡುವ ನಮ್ಮ ಊರಿನ ಟೂರಿಸ್ಟ್‌ಗಳನ್ನು ನೋಡಿ ನನಗೆ ಹೊಟ್ಟೆ ಉರಿಯುತ್ತದೆ. ನೀವಾದರೂ ಹಾಗೆ ಮಾಡಬೇಡಿ.

ಸಸ್ಯಾಹಾರಿಗಳು ಹಳದಿ ಬಾವುಟದ ಮೇಲೆ ಕೆಂಪಲ್ಲಿ ಬರೆದ ‘ಜೇ’ ಅಕ್ಷರ (ಇದು ಅಕ್ಕ ಅನ್ನುವ ಜೇ ಅಲ್ಲ) ಗುರುತಿಟ್ಟುಕೊಳ್ಳಿ, ಅಲ್ಲಿ ಮಾಂಸ, ಮೀನು ಇರುವುದಿಲ್ಲ. ಉಳಿದ ಕಡೆ ಬರೀ ಸೊಪ್ಪಿನ ಪಲ್ಯಕ್ಕೂ ಮೀನಿನ ಸಾಸ್ ಬಿದ್ದಿರುತ್ತದೆ. ‘ಮೈ ಸೈ ನಾಮ್ ಪ್ಲಾ’, ಮೀನಿನ ಸಾಸ್ ಹಾಕಬೇಡಿ, ಇದನ್ನು ಬಾಯಿಪಾಠ ಮಾಡಿ.

ಮೊದಲ ಸಂಜೆ

ಬ್ಯಾಂಕಾಕ್‌ನ ಸೀಲೋಮ್ ರಸ್ತೆಗೆ ಹೋಗಿ. ಸೋಯಿ ಅಂದರೆ ಗಲ್ಲಿ. ಸೋಯಿ 4ರಲ್ಲಿ ರಸ್ತೆಗೇ ಕುರ್ಚಿ ಹಾಕಿರುವ ಬಾರ್‌ಗಳಿವೆ, ಕುಡಿಯದವರೂ ಒಂದು ಸೋಡಾ ಹಿಡಿದು ಎರಡು ಗಂಟೆ ಜನರನ್ನು ನೋಡುತ್ತಾ ಕೂರಬಹುದು, ಗಂಡಸರು ಹೆಣ್ಣಿನ ವೇಷ ಹಾಕಿ ಹಾಡಿ ಕುಣಿಯುವ ಡ್ರ್ಯಾಗ್ ಶೋ ಕೂಡ ಅಲ್ಲೇ. ಡ್ಯಾನ್ಸ್ ಬೇಕಾದವರು ಆಮೇಲೆ ಸೋಯಿ 2ಕ್ಕೆ ಹೋಗುತ್ತಾರೆ. ಕ್ಲಬ್ ಒಳಗೆ ಹೋಗಲು 20 ವರ್ಷ ಆಗಿರಬೇಕು, ಪಾಸ್‌ಪೋರ್ಟ್ ಕೇಳಿದರೆ ತೋರಿಸಿ. ಟೇಬಲ್‌ಗೆ ಕೂರುವ ಮುಂಚೆ ಮೆನುವಿನಲ್ಲಿ ರೇಟ್ ನೋಡಿ. ಹುಡುಗರು ಸ್ಟೇಜ್ ಮೇಲೆ ನಿಲ್ಲುವ ಬಾರ್‌ಗಳಿಗೆ ಹೋಗುವುದಾದರೆ ಒಂದು ಡ್ರಿಂಕ್‌ಗೆ ಎಷ್ಟು, ಹುಡುಗನಿಗೆ ಕೊಡಿಸುವ ಡ್ರಿಂಕ್‌ಗೆ ಎಷ್ಟು ಅಂತ ಬಾಗಿಲಲ್ಲೇ ಕೇಳಿ. ದುಡ್ಡಿಗಾಗಿ ಲೈಂಗಿಕ ಸೇವೆ ಇಲ್ಲಿ 1996ರ ಕಾಯಿದೆ ಪ್ರಕಾರ ನಿಷಿದ್ಧ, ಕಣ್ಣೆದುರೇ ನಡೆಯುತ್ತಿದ್ದರೂ ಅಷ್ಟೇ. ಆ ಕೆಲಸ ಮಾಡುವವರಲ್ಲಿ ಬಹಳ ಮಂದಿ ಬಡ ಹಳ್ಳಿಗಳಿಂದ ಬಂದು ಊರಿಗೆ ದುಡ್ಡು ಕಳಿಸುವವರು. ಅವರ ಜೊತೆ ಮಾತಾಡುವಾಗ ಮರ್ಯಾದೆ ಇರಲಿ, ಚೌಕಾಸಿ ಮಾಡಿ ನೋಯಿಸಬೇಡಿ.

ಅದೇ ಸೀಲೋಮ್ ರಸ್ತೆಯಲ್ಲಿ ಸ್ವಲ್ಪ ಮುಂದೆ ಮಹಾ ಮಾರಿಯಮ್ಮನ ಗುಡಿ ಇದೆ, ಹತ್ತೊಂಬತ್ತನೇ ಶತಮಾನದಲ್ಲಿ ತಮಿಳರು ಕಟ್ಟಿದ್ದು. ಥಾಯ್ ಜನ ಅದಕ್ಕೆ ವಾಟ್ ಖ್ಯಾಕ್ ಅನ್ನುತ್ತಾರೆ. ಖ್ಯಾಕ್ ಅಂದರೆ ಅತಿಥಿ. ಭಾರತೀಯರಿಗೂ, ಅರಬರಿಗೂ, ಮಲಯ ಜನಕ್ಕೂ ಅದೇ ಪದ. ಒಳ್ಳೆಯ ಅರ್ಥದಲ್ಲೂ ಬಳಸುತ್ತಾರೆ, ಮೂಗು ಮುರಿಯುವಾಗಲೂ ಬಳಸುತ್ತಾರೆ.

ಈ ವಿಷಯವನ್ನು ಬಿಳಿಯರು ಬರೆದ ಯಾವ ಗೈಡ್‌ನಲ್ಲೂ ನಾನು ಓದಿಲ್ಲ, ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ. ಗೇ ಅಂತ ನಿಮ್ಮನ್ನು ಇಲ್ಲಿ ಯಾರೂ ತಡೆಯಲಿಕ್ಕಿಲ್ಲ, ಭಾರತೀಯ ಅಂತ ತಡೆಯಬಹುದು. ಆಪ್‌ನಲ್ಲಿ ‘ಭಾರತೀಯರು ಬೇಡ’ ಅಂತ ನೇರವಾಗಿ ಬರೆದ ಪ್ರೊಫೈಲ್‌ಗಳು ಕಾಣುತ್ತವೆ. ಒಂದು ಕಡೆ ನನ್ನ ಮುಂದಿದ್ದ ಬಿಳಿಯನನ್ನು ಸುಮ್ನೆ ಒಳಗೆ ಬಿಟ್ಟು ನನ್ನ ಹತ್ತಿರ ಮಾತ್ರ ಪ್ರವೇಶ ಶುಲ್ಕ ಕೇಳಿದರು. ಆ ರಾತ್ರಿ ನಾನು ರೂಮಿಗೆ ಬಂದು ಅತ್ತೆ. ನಮ್ಮವರಲ್ಲಿ ಕೆಲವರು ಗುಂಪಾಗಿ ಬಂದು, ಒಂದು ಬಿಯರ್ ಕೊಂಡು ಐದು ಜನ ಕೂತು, ಕೇಳದೆ ಮೈ ಮುಟ್ಟಿ ಹೆಸರು ಕೆಡಿಸಿರುವುದೂ ನಿಜ. ಆದರೆ ಅವರು ಮಾಡಿದ್ದಕ್ಕೆ ನೀವು ತಲೆ ತಗ್ಗಿಸಬೇಕಾಗಿಲ್ಲ. ಬೇಡ ಅಂದವರನ್ನು ಬಿಟ್ಟು ಮುಂದೆ ಹೋಗಿ, ಒಳ್ಳೆಯ ಬಾರ್‌ಗಳು ಬೇಕಾದಷ್ಟಿವೆ. ನನ್ನನ್ನು ಪ್ರೀತಿಸಿದವನು ಸಿಕ್ಕಿದ್ದೂ ಇದೇ ಊರಲ್ಲಿ.

ಆಪ್‌ನಲ್ಲಿ ಸಿಕ್ಕವರನ್ನು ಭೇಟಿ ಮಾಡುವಾಗ

ಮೊದಲ ಭೇಟಿ ಕಾಫಿ ಅಂಗಡಿಯಲ್ಲೋ ಮಾಲ್‌ನಲ್ಲೋ ಇರಲಿ. ಹೊರಡುವ ಮುಂಚೆ ಒಂದು ನಿಮಿಷ ವಿಡಿಯೋ ಕಾಲ್ ಮಾಡಿ. ಎಲ್ಲಿಗೆ ಹೋಗುತ್ತಿದ್ದೀರಿ ಅಂತ ನಂಬಿಕೆಯ ಒಬ್ಬರಿಗೆ ಲೊಕೇಶನ್ ಕಳಿಸಿ, ಊರಲ್ಲಿ ಯಾರಿಗೂ ಗೊತ್ತಿಲ್ಲ ಅನ್ನುವವರು ಇನ್ನೊಬ್ಬ ಗೇ ಗೆಳೆಯನಿಗಾದರೂ ಕಳಿಸಿ. ನಿಮ್ಮ ಡ್ರಿಂಕ್ ಕಣ್ಣೆದುರೇ ಇರಲಿ. ರೂಮಿಗೆ ಕರೆದರೆ ಪಾಸ್‌ಪೋರ್ಟ್, ಕಾರ್ಡ್, ದುಡ್ಡು ಲಾಕರ್‌ನಲ್ಲಿಟ್ಟು ಕರೆಯಿರಿ. ದುಡ್ಡಿನ ಮಾತು ಇದ್ದರೆ ಮುಂಚೆಯೇ ತೆರೆದು ಮಾತಾಡಿ. ಅರ್ಧ ರಾತ್ರಿಯಲ್ಲಿ ಜಗಳ ಆಗುವುದು ಬಹುತೇಕ ಇದೇ ವಿಷಯಕ್ಕೆ.

ವಯಸ್ಸು. ಇದರಲ್ಲಿ ಒಂದಿಷ್ಟೂ ಅನುಮಾನ ಇಟ್ಟುಕೊಳ್ಳಬೇಡಿ. ಮುಖ ನೋಡಿ ಅಂದಾಜು ಮಾಡಬೇಡಿ, ಚೀಟಿ ನೋಡಿ. ಥಾಯ್ ಗುರುತಿನ ಚೀಟಿಯಲ್ಲಿ ಬೌದ್ಧ ಇಸವಿ ಇರುತ್ತದೆ, ಅದರಲ್ಲಿ 543 ಕಳೆದರೆ ನಮ್ಮ ಇಸವಿ. 2545 ಅಂತ ಇದ್ದರೆ 2002. ಹದಿನೆಂಟು ತುಂಬದವರ ಹತ್ತಿರವೂ ಸುಳಿಯಬಾರದು. ಅದು ಮಕ್ಕಳಿಗೆ ಮಾಡುವ ಅನ್ಯಾಯ, ಇಲ್ಲಿಯ ಕಾನೂನೂ ಅದನ್ನು ಬಿಡುವುದಿಲ್ಲ.

ಕೆಲವರು ಚಾಟ್‌ನಲ್ಲಿ ‘ಹೈ ಫನ್’ ಅಂತ ಬರೆಯುತ್ತಾರೆ. ಐಸ್ ಅಥವಾ ಬೇರೆ ಡ್ರಗ್ಸ್ ತೆಗೆದುಕೊಂಡು ಸೇರುವುದಕ್ಕೆ ಇಲ್ಲಿ ಬಳಸುವ ಮಾತು ಅದು. ಆ ಬಾಗಿಲಿಗೆ ಹೋಗಲೇಬೇಡಿ. ಡ್ರಗ್ಸ್‌ಗೆ ಇಲ್ಲಿ ಶಿಕ್ಷೆ ಬಹಳ ಕಠಿಣ, ಪೊಲೀಸರು ಮೂತ್ರ ಪರೀಕ್ಷೆ ಮಾಡಿಸುವುದೂ ಉಂಟು. ಈಗಾಗಲೇ ಅದರಲ್ಲಿ ಸಿಲುಕಿರುವವರು ಯಾರಾದರೂ ಇದನ್ನು ಓದುತ್ತಿದ್ದರೆ ನಾಚಿಕೆ ಪಡದೆ ಗೇ ಸಮುದಾಯದ ಕ್ಲಿನಿಕ್‌ನಲ್ಲಿ ಮಾತಾಡಿ, ಅಲ್ಲಿ ಬೈಯುವುದಿಲ್ಲ.

ಆರೋಗ್ಯ

ಕಾಂಡೋಮ್ ಮತ್ತು ನೀರು ಆಧಾರಿತ ಲ್ಯೂಬ್ (ಜಾರಲು ಹಚ್ಚುವ ಜೆಲ್) ಯಾವ ಸೆವೆನ್ ಇಲೆವೆನ್‌ನಲ್ಲಿಯೂ ಸಿಗುತ್ತವೆ. ಪ್ರೆಪ್ ಅಂದರೆ ಎಚ್‌ಐವಿ ಬರದಂತೆ ಮೊದಲೇ ತೆಗೆದುಕೊಳ್ಳುವ ಮಾತ್ರೆ. ದಿನಾ ಒಂದು ತೆಗೆದುಕೊಳ್ಳಬಹುದು. ಗಂಡಸರಿಗೆ ಇನ್ನೊಂದು ಕ್ರಮವೂ ಇದೆ: ಸೇರುವುದಕ್ಕೆ 2ರಿಂದ 24 ಗಂಟೆ ಮುಂಚೆ ಎರಡು ಮಾತ್ರೆ, ಆ ಮೊದಲ ಎರಡು ಮಾತ್ರೆ ತಗೊಂಡ 24 ಗಂಟೆಗೆ ಒಂದು, 48 ಗಂಟೆಗೆ ಇನ್ನೊಂದು. ಹೆಪಟೈಟಿಸ್ ಬಿ ಇರುವವರಿಗೆ ಈ ಎರಡನೇ ಕ್ರಮ ಆಗುವುದಿಲ್ಲ. ಅದಕ್ಕೆ ಮೊದಲು ಊರಲ್ಲೇ ಡಾಕ್ಟರ್ ಹತ್ತಿರ ರಕ್ತ ಪರೀಕ್ಷೆ ಮಾಡಿಸಿ, ಎಚ್‌ಐವಿ ಇಲ್ಲ ಅಂತ ಖಚಿತ ಮಾಡಿಕೊಂಡು ಶುರು ಮಾಡಿ. ಹೆಪಟೈಟಿಸ್ ಎ, ಬಿ ಲಸಿಕೆಗಳನ್ನೂ ಆಗಲೇ ಹಾಕಿಸಿ. ಬಿ ಲಸಿಕೆಯ ಮೂರು ಡೋಸ್ ಮುಗಿಯಲು ಸಾಮಾನ್ಯವಾಗಿ ಆರು ತಿಂಗಳು ಬೇಕು, ಕೊನೇ ವಾರಕ್ಕೆ ಇಡಬೇಡಿ.

ಕಾಂಡೋಮ್ ಹರಿಯಿತು, ಅಥವಾ ಬಳಸಲಿಲ್ಲ, ಪ್ರೆಪ್ ಕೂಡ ಇಲ್ಲ ಅಂದರೆ ಆಮೇಲೂ ಎಚ್‌ಐವಿ ತಡೆಯಲು ಪೆಪ್ ಮಾತ್ರೆ ಇದೆ. 72 ಗಂಟೆಯೊಳಗೆ ಶುರು ಮಾಡಬೇಕು, ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು, 28 ದಿನ ಬಿಡದೆ ತೆಗೆದುಕೊಳ್ಳಬೇಕು. ಬೆಳಗಾಗಲಿ ಅಂತ ಅಳುತ್ತಾ ಕೂರಬೇಡಿ. ರಾತ್ರಿಯಾದರೆ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ ಪೆಪ್ ಅನ್ನಿ, ಅರ್ಥವಾಗುತ್ತದೆ. ಹಗಲಾದರೆ ರಾಚದಮ್ರಿ ರಸ್ತೆಯಲ್ಲಿ ಥಾಯ್ ರೆಡ್‌ಕ್ರಾಸ್‌ನ ಅನಾನಿಮಸ್ ಕ್ಲಿನಿಕ್ ಇದೆ, 1991ರಿಂದ ನಡೆಯುತ್ತಿದೆ, ಹೆಸರು ಹೊರಗೆ ಬೀಳದಂತೆ ಪರೀಕ್ಷೆ ಮಾಡುತ್ತಾರೆ, ವಿದೇಶಿಯರನ್ನೂ ನೋಡುತ್ತಾರೆ. ನಾನು ಅಲ್ಲಿಗೆ ಮೊದಲ ಸಲ ಹೋದಾಗ ನರ್ಸ್ ಕೇಳಿದ ಪ್ರಶ್ನೆಗಳಲ್ಲಿ ಒಂದರಲ್ಲೂ ತಿರಸ್ಕಾರದ ದನಿ ಇರಲಿಲ್ಲ. ಊರಲ್ಲಿ ಡಾಕ್ಟರ್ ಎದುರು ಸುಳ್ಳು ಹೇಳಿಯೇ ಅಭ್ಯಾಸವಾಗಿದ್ದ ನನಗೆ ಅದು ದೊಡ್ಡ ವಿಷಯ.

ರಸ್ತೆ ಬದಿಯ ಟೇಬಲ್ ಮೇಲೆ ಮಾರುವ ನೀಲಿ ಮಾತ್ರೆಗಳನ್ನು (ವಯಾಗ್ರ ತರಹದ್ದು) ಕೊಳ್ಳಬೇಡಿ, ಒಳಗೆ ಏನಿದೆ ಅಂತ ಹೇಳಲಾಗದು. ಹೃದಯಕ್ಕೆ ನೈಟ್ರೇಟ್ ಮಾತ್ರೆ ತೆಗೆದುಕೊಳ್ಳುವವರಿಗೆ ಅದು ಪ್ರಾಣಕ್ಕೇ ಅಪಾಯ.

ತಿಳಿಯದೆ ಸಿಕ್ಕಿಬೀಳುವ ಇನ್ನಷ್ಟು ವಿಷಯ

ರಾಜಮನೆತನದ ಬಗ್ಗೆ ಹಗುರವಾಗಿ ಮಾತಾಡಬೇಡಿ, ಪೋಸ್ಟ್ ಹಾಕಬೇಡಿ, ಶೇರ್ ಕೂಡ ಮಾಡಬೇಡಿ. ದಂಡಸಂಹಿತೆಯ 112ನೇ ಕಲಮಿನಡಿ ಒಂದೊಂದು ಆರೋಪಕ್ಕೂ 3ರಿಂದ 15 ವರ್ಷ ಜೈಲು. ಗಾಂಜಾವನ್ನು 2022ರಲ್ಲಿ ಮುಕ್ತ ಮಾಡಿದ್ದರು, 2025ರ ಜೂನ್‌ನಿಂದ ಡಾಕ್ಟರ್ ಚೀಟಿ ಬೇಕು. ವೀಸಾ ಅವಧಿ ಮೀರಿದರೆ ದಿನಕ್ಕೆ 500 ಬಾತ್ ದಂಡ, 20,000ದವರೆಗೆ. ಬೈಕ್ ಬಾಡಿಗೆಗೆ ತೆಗೆದುಕೊಳ್ಳುವವರಿಗೆ ಬೈಕ್‌ಗೆ ಅನ್ವಯಿಸುವ ಅಂತರರಾಷ್ಟ್ರೀಯ ಡ್ರೈವಿಂಗ್ ಪರ್ಮಿಟ್ ಬೇಕು, ಇಲ್ಲದೆ ಬಿದ್ದರೆ ಇನ್ಶೂರೆನ್ಸ್‌ನವರು ಕೈ ಎತ್ತುತ್ತಾರೆ.

ಬ್ಯಾಂಕಾಕ್ ಬಿಟ್ಟು

ಪಟ್ಟಾಯ ಬ್ಯಾಂಕಾಕ್‌ನಿಂದ ರಸ್ತೆಯಲ್ಲಿ ಎರಡು ಗಂಟೆ ದೂರ. ಗೇ ಬಾರ್‌ಗಳು ಹೆಚ್ಚಾಗಿ ಜೋಮ್ತಿಯನ್ ಕಾಂಪ್ಲೆಕ್ಸ್‌ನಲ್ಲಿವೆ, ಹಗಲು ಡೊಂಗ್ತಾನ್ ಬೀಚ್‌ನಲ್ಲಿ ಮರದ ನೆರಳಲ್ಲಿ ಕುರ್ಚಿ ಹಾಕಿಸಿಕೊಂಡು ಕೂರಬಹುದು. ಊರಿನವರ ಕಣ್ಣಿಗೆ ಬೀಳಬಾರದು ಅನ್ನುವವರು ಒಂದು ಮಾತು ನೆನಪಿಡಿ, ಪಟ್ಟಾಯಕ್ಕೆ ಕರ್ನಾಟಕದಿಂದ ಟೂರ್ ಗುಂಪುಗಳು ಬರುತ್ತಲೇ ಇರುತ್ತವೆ. ನಾನೇ ಒಮ್ಮೆ ಬೀಚ್ ರಸ್ತೆಯಲ್ಲಿ ಹಿಂದಿನಿಂದ ಅಚ್ಚ ಕನ್ನಡ ಕೇಳಿ ಸಂಗಾತಿಯ ಕೈ ಬಿಟ್ಟಿದ್ದೇನೆ. ಅವನಿಗೆ ಬೇಜಾರಾಯಿತು, ಆಮೇಲೆ ಯಾಕೆ ಅಂತ ಕೂರಿಸಿ ವಿವರಿಸಬೇಕಾಯಿತು. ಜೊತೆಗಾರ ಬೇರೆ ದೇಶದವನಾದರೆ ಈ ಮಾತನ್ನು ಮೊದಲೇ ಆಡಿಕೊಂಡುಬಿಡಿ.

ಫುಕೆಟ್‌ನಲ್ಲಿ ಗೇ ಬಾರ್‌ಗಳಿರುವುದು ಪಾಟಾಂಗ್‌ನ ಪ್ಯಾರಡೈಸ್ ಕಾಂಪ್ಲೆಕ್ಸ್‌ನಲ್ಲಿ. ಚಿಯಾಂಗ್ ಮಾಯ್ ನಿಧಾನದ ಊರು, ಅಲ್ಲಿ 2009ರಲ್ಲಿ ನಮ್ಮ ಸಮುದಾಯದ ಪ್ರೈಡ್ ಮೆರವಣಿಗೆಯನ್ನು ವಿರೋಧಿಗಳು ತಡೆದಿದ್ದರು, ಹತ್ತು ವರ್ಷದ ನಂತರ 2019ರಲ್ಲಿ ಮತ್ತೆ ನಡೆಯಿತು. ಬ್ಯಾಂಕಾಕ್ ಪ್ರೈಡ್ ಜೂನ್ ಹೊತ್ತಿಗೆ. ಏಪ್ರಿಲ್ 13ರಿಂದ 15 ಸೋಂಕ್ರಾನ್ ಅನ್ನುವ ಥಾಯ್ ಹೊಸ ವರ್ಷದ ಹಬ್ಬ, ನಮ್ಮ ಓಕುಳಿ ಇದ್ದ ಹಾಗೆ ಬರೀ ನೀರು, ಸೀಲೋಮ್ ತುಂಬ ಜನ. ಫೋನ್‌ಗೆ ಪ್ಲಾಸ್ಟಿಕ್ ಚೀಲ ಹಾಕಿ, ಮುಟ್ಟುವ ಮುಂಚೆ ಕೇಳಿ, ಬೇಡದವರು ಮುಟ್ಟಿದರೆ ಕೈ ಸರಿಸಿ.

ದಕ್ಷಿಣದ ಪಟ್ಟಾನಿ, ಯಾಲಾ, ನರಾಥಿವಾತ್ ಪ್ರಾಂತ್ಯಗಳು ಸಂಪ್ರದಾಯಸ್ಥ ಮುಸ್ಲಿಂ ಪ್ರದೇಶ, ಅಲ್ಲಿ ವರ್ಷಗಳಿಂದ ಸಶಸ್ತ್ರ ಸಂಘರ್ಷವೂ ಇದೆ, ಬೇಡ. ಅಲ್ಲಿಂದ ಗಡಿ ದಾಟಿದರೆ ಮಲೇಷ್ಯಾ. ಅಲ್ಲಿ ಸಲಿಂಗ ಸಂಬಂಧ ಈಗಲೂ ಅಪರಾಧ. ಲಂಕಾವಿ, ಪೆನಾಂಗ್ ಸೇರಿಸಿ ಪ್ರವಾಸ ಹಾಕಿಕೊಂಡವರು ಗಡಿ ದಾಟುವ ಮುಂಚೆ ಫೋನಲ್ಲಿರುವ ಆಪ್, ಫೋಟೋಗಳ ಬಗ್ಗೆ ಯೋಚಿಸಿ.

ಇಲ್ಲೇ ಉಳಿಯಬೇಕು ಅಂತಿದ್ದರೆ

ಆನ್‌ಲೈನ್‌ನಲ್ಲಿ ಬೇರೆ ದೇಶದ ಕಂಪನಿಗೆ ಕೆಲಸ ಮಾಡುವವರಿಗೆ ಡಿಟಿವಿ ಅನ್ನುವ ವೀಸಾ 2024ರಲ್ಲಿ ಬಂತು. ಐದು ವರ್ಷದ್ದು, ಒಂದು ಸಲ ಬಂದರೆ 180 ದಿನ ಇರಬಹುದು, ಖಾತೆಯಲ್ಲಿ 5 ಲಕ್ಷ ಬಾತ್ ತೋರಿಸಬೇಕು, ಥಾಯ್ ಕಂಪನಿಯಲ್ಲಿ ಕೆಲಸ ಮಾಡುವಂತಿಲ್ಲ. ಮನೆ ಬಾಡಿಗೆಗೆ ಹಿಡಿದರೆ ನೀವು ಬಂದ 24 ಗಂಟೆಯೊಳಗೆ ಮಾಲೀಕರು ಇಮಿಗ್ರೇಷನ್‌ಗೆ ತಿಳಿಸಬೇಕು, ಇದಕ್ಕೆ ಟಿಎಂ 30 ಅನ್ನುತ್ತಾರೆ. ಮಾಡಿಕೊಡುತ್ತೀರಾ ಅಂತ ಅಡ್ವಾನ್ಸ್ ಕೊಡುವ ಮುಂಚೆಯೇ ಕೇಳಿ. ಒಂದೇ ಸಮ 90 ದಿನ ಇದ್ದರೆ ನೀವೂ ವರದಿ ಮಾಡಬೇಕು.

ಮದುವೆ ಆಗುವವರಿಗೆ: ನಮ್ಮ ರಾಯಭಾರ ಕಚೇರಿಯಿಂದ ಅವಿವಾಹಿತ ಅಂತ ಪತ್ರ, ಅದರ ಥಾಯ್ ಅನುವಾದ, ಥಾಯ್ ವಿದೇಶಾಂಗ ಇಲಾಖೆಯ ಮುದ್ರೆ, ಆಮೇಲೆ ಜಿಲ್ಲಾ ಕಚೇರಿಯಲ್ಲಿ ನೋಂದಣಿ. ಮೊದಲ ಪತ್ರವೇ ಕಷ್ಟದ್ದು. ಹಾಗಾಗಿ ದಿನ ಗೊತ್ತು ಮಾಡುವ ಮುಂಚೆ ರಾಯಭಾರ ಕಚೇರಿಗೆ ಬರೆದು ಲಿಖಿತ ಉತ್ತರ ಪಡೆಯಿರಿ. ಬ್ಯಾಂಕಾಕ್‌ನಲ್ಲಿ ಬಾಂಗ್ ರಕ್ ಕಚೇರಿಗೆ ಜೋಡಿಗಳು ಹೆಚ್ಚು ಹೋಗುತ್ತಾರೆ, ರಕ್ ಅಂದರೆ ಪ್ರೀತಿ. ಥಾಯ್ ಸಂಗಾತಿಯನ್ನು ಮದುವೆಯಾದವರಿಗೆ ಉಳಿಯಲು ವೀಸಾ ವಿಸ್ತರಣೆ ಇದೆ, ಬ್ಯಾಂಕಲ್ಲಿ 4 ಲಕ್ಷ ಬಾತ್ ಅಥವಾ ತಿಂಗಳಿಗೆ 40,000 ಆದಾಯ ಬೇಕು. 2023ರ ಅಕ್ಟೋಬರ್ 17ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರವೂ ನಮ್ಮ ದೇಶದಲ್ಲಿ ಈ ಮದುವೆಗೆ ಮಾನ್ಯತೆ ಇಲ್ಲ. ಊರಿನ ಆಸ್ತಿ, ಪಿಎಫ್, ಇನ್ಶೂರೆನ್ಸ್‌ಗಳ ವಿಷಯದಲ್ಲಿ ಈ ಸರ್ಟಿಫಿಕೇಟ್ ನೆಚ್ಚಿಕೊಳ್ಳಬೇಡಿ. ವಿಲ್ ಬರೆದಿಡಿ, ನಾಮಿನಿ ಹೆಸರಿಗೆ ಏನೇನು ನಿಯಮ ಅಂತ ವಕೀಲರನ್ನು ಕೇಳಿ.

ಮನೆಗೆ ಮರಳುವ ಮುಂಚೆ

ಮನೆಯಲ್ಲಿ ಹೇಳಿಲ್ಲದವರು ಫೋಟೋಗಳನ್ನು ಲಾಕ್ ಇರುವ ಫೋಲ್ಡರ್‌ಗೆ ಹಾಕಿ, ಗೂಗಲ್ ಫೋಟೋಸ್ ಮನೆಯ ಟಿವಿಗೆ ಸೇರಿಕೊಂಡಿದೆಯೇ ನೋಡಿ. ಅಮ್ಮ ಟಿವಿ ಹಾಕಿದಾಗ ಪರದೆ ಮೇಲೆ ತಾನಾಗಿ ಓಡಿದ ಫೋಟೋಗಳಿಂದ ಸಿಕ್ಕಿಬಿದ್ದ ಒಬ್ಬ ಗೆಳೆಯ ನನಗೆ ಗೊತ್ತು, ಹೇಳುವ ಹೊತ್ತನ್ನು ಆರಿಸಿಕೊಳ್ಳುವ ಹಕ್ಕು ಅವನಿಗೆ ಸಿಗಲೇ ಇಲ್ಲ.

ಪೆಪ್ ಶುರು ಮಾಡಿದ್ದರೆ 28 ದಿನದ ಮಾತ್ರೆ ಪೂರ್ತಿ ಕೈಚೀಲದಲ್ಲಿದೆಯಾ ಎಣಿಸಿಕೊಳ್ಳಿ. ಊರಿಗೆ ಹೋದ ಮೇಲೆ ಎಚ್‌ಐವಿ ಮತ್ತು ಸಿಫಿಲಿಸ್ ಪರೀಕ್ಷೆ ಮಾಡಿಸಿ. ಎಚ್‌ಐವಿಗೆ ಲ್ಯಾಬ್‌ನ ನಾಲ್ಕನೇ ತಲೆಮಾರಿನ (4th generation) ಪರೀಕ್ಷೆ ಆದರೆ ಸೇರಿದ ದಿನದಿಂದ 45 ದಿನಕ್ಕೆ, ಬೆರಳು ಚುಚ್ಚಿ ಮಾಡುವ ರ‍್ಯಾಪಿಡ್ ಕಿಟ್ ಆದರೆ 90 ದಿನಕ್ಕೆ ಬಂದ ಫಲಿತಾಂಶವನ್ನು ನಂಬಬಹುದು. ಪೆಪ್ ತೆಗೆದುಕೊಂಡವರು ಆ ದಿನಗಳನ್ನು ಕೊನೆಯ ಮಾತ್ರೆಯಿಂದ ಎಣಿಸಿ. ಸರ್ಕಾರಿ ಆಸ್ಪತ್ರೆಗಳ ಐಸಿಟಿಸಿ ಕೇಂದ್ರಗಳಲ್ಲಿ ಎಚ್‌ಐವಿ ಪರೀಕ್ಷೆ ಉಚಿತ, ಗುಟ್ಟಾಗಿ ಇಡುತ್ತಾರೆ. ನಿಮ್ಮ ಊರಲ್ಲಿ ಪರಿಚಯದವರು ಸಿಗುತ್ತಾರೆ ಅಂತ ಭಯ ಇದ್ದರೆ ಪಕ್ಕದ ಜಿಲ್ಲೆಗೆ ಹೋಗಿ, ಆದರೆ ತಾರೀಕು ತಪ್ಪಿಸಬೇಡಿ. ವಿಮಾನದಲ್ಲಿ ಕೂತಾಗಲೇ ಫೋನಿನ ಕ್ಯಾಲೆಂಡರ್‌ನಲ್ಲಿ ಆ ದಿನ ಗುರುತು ಹಾಕಿಬಿಡಿ.